ಬೆರಳಿಗೆ ಕೇಳುವ ಸದ್ದು

ಗಂಟಲಿನ ಮೇಲೆ ಎರಡು ಬೆರಳಿಟ್ಟು, ಉಸಿರು ಮುಗಿಯುವ ತನಕ 'ಸ್‌ಸ್‌ಸ್' ಎಂದು ಎಳೆಯಿರಿ. ಬೆರಳಿಗೆ ಏನೂ ತಿಳಿಯುವುದಿಲ್ಲ. ಈಗ ನಾಲಿಗೆಯನ್ನು ಅಲ್ಲೇ ಇಟ್ಟುಕೊಂಡು 'ಝ್‌ಝ್‌ಝ್' ಎಂದು ಎಳೆಯಿರಿ. ಕನ್ನಡ ಪಠ್ಯದ ಝ ಅಲ್ಲ, ಅರಬಿಯ ಝಾಯ್. ಬೆರಳಿನ ಕೆಳಗೆ ದುಂಬಿ ಸಿಕ್ಕಿಕೊಂಡಂತೆ ಗುಂಯ್‌ಗುಡುತ್ತದೆ. ತಜ್‌ವೀದ್ ಕಲಿತವರಿಗೆ ಈ ವ್ಯತ್ಯಾಸದ ಹೆಸರೂ ಗೊತ್ತಿರುತ್ತದೆ: ಸೀನ್ ಹಮ್ಸ್‌ನ ಅಕ್ಷರ, ಝಾಯ್ ಜಹ್ರ್‌ನ ಅಕ್ಷರ. ಎಂಟನೇ ಶತಮಾನದಲ್ಲಿ ಬಸ್ರಾದ ವ್ಯಾಕರಣಕಾರ ಸೀಬವೈಹಿ ಅರಬಿ ಅಕ್ಷರಗಳನ್ನು ಹೀಗೆ ಎರಡು ಬಗೆಯಾಗಿ ವಿಂಗಡಿಸಿದ್ದರು. ಕನ್ನಡದಲ್ಲಿ ಕ ಮತ್ತು ಗ, ಪ ಮತ್ತು ಬ ನಡುವೆ ಇರುವ ಅಘೋಷ, ಘೋಷ ಎಂಬ ಭೇದವೂ ಹೆಚ್ಚುಕಡಿಮೆ ಇದೇ.

ಕಿವಿಗೆ ಎರಡೂ ಸ್ಪಷ್ಟವಾಗಿ ಕೇಳುತ್ತವೆ. ಚರ್ಮಕ್ಕೆ ಸಿಗುವುದು ಒಂದೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಫೋನನ್ನು ನೋಡೋಣ. (ಕಾಲೇಜಿಗೆ ತರುವಂತಿಲ್ಲವಾದ್ದರಿಂದ ಮನೆಯಲ್ಲಿರುವ ಫೋನ್ ಎಂದಿಟ್ಟುಕೊಳ್ಳಿ.) ಟೈಪ್ ಮಾಡುವಾಗ ಬೆರಳಿಗೆ 'ಟಕ್' ಎನ್ನುವ ಸಣ್ಣ ಪೆಟ್ಟು ಕೊಡುವುದು ಹಳೆಯ ಸಂಗತಿ. ಹೊಸದೇನೆಂದರೆ, ಫೋನ್ ತಾನು ನುಡಿಸುವ ಸದ್ದನ್ನೇ ಓದಿಕೊಂಡು ಅದಕ್ಕೆ ತಕ್ಕ ಕಂಪನವನ್ನು ತಯಾರಿಸುತ್ತದೆ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲಿ ಆ್ಯಪ್ ಬರೆಯುವವರಿಗೆ ಈ ಸೌಲಭ್ಯ ಸಿಕ್ಕಿತು. 2024ರಲ್ಲಿ ಆ್ಯಪಲ್ ತನ್ನ ಐಓಎಸ್ 18ರಲ್ಲಿ ಕಿವಿ ಕೇಳದವರಿಗಾಗಿಯೇ ಹಾಡನ್ನು ಕಂಪನವಾಗಿಸುವ 'ಮ್ಯೂಸಿಕ್ ಹ್ಯಾಪ್ಟಿಕ್ಸ್' ಅನ್ನು ಸೇರಿಸಿತು.

ಕಿವಿ ಕೇಳುವ ನಮಗೆ ಇದೊಂದು ಹೆಚ್ಚುವರಿ ಸೊಗಸು. ಕೇಳದವರಿಗೆ ಸದ್ದಿನ ಲೋಕದಿಂದ ಬರುವ ಸುದ್ದಿಯೇ ಇದು. ಆದ್ದರಿಂದ ಸದ್ದನ್ನು ಸ್ಪರ್ಶವಾಗಿಸುವಾಗ ಎಷ್ಟು ಉಳಿಯುತ್ತದೆ, ಎಷ್ಟು ಸೋರಿಹೋಗುತ್ತದೆ ಎಂಬುದನ್ನು ಸರಿಯಾಗಿ ತಿಳಿಯಬೇಕು. ಅದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲ ನಿಮ್ಮ ಪಿಯುಸಿ ಪುಸ್ತಕದಲ್ಲೇ ಇದೆ.

ಚರ್ಮ ಎಂಬ ಕಿರಿದಾದ ಬಾಗಿಲು

ಆರೋಗ್ಯವಂತ ಎಳೆಯ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಚರ್ಮದ ಕಥೆ ಬೇರೆ. ಬೆರಳ ತುದಿಯ ಒಳಪದರದಲ್ಲಿ ಈರುಳ್ಳಿಯಂತೆ ಸುತ್ತುಸುತ್ತಾಗಿ ಪೊರೆಗಳಿರುವ, ಸುಮಾರು ಒಂದು ಮಿಲಿಮೀಟರ್ ಉದ್ದದ ಪುಟ್ಟ ಅಂಗಗಳಿವೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಫಿಲಿಪ್ಪೊ ಪಚೀನಿಯವರ ಹೆಸರನ್ನೇ ಅವಕ್ಕೆ ಇಡಲಾಗಿದೆ. ವೇಗದ ಕಂಪನವನ್ನು ಗುರುತಿಸುವುದು ಇವುಗಳ ಕೆಲಸ. 250 ಹರ್ಟ್ಸ್‌ನ ಆಸುಪಾಸಿನಲ್ಲಿ ಇವು ಎಷ್ಟು ಸೂಕ್ಷ್ಮವೆಂದರೆ, ಒಂದು ಮಿಲಿಮೀಟರ್‌ನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಅಲುಗಾಟವೂ ಇವಕ್ಕೆ ತಿಳಿಯುತ್ತದೆ. ಅಲ್ಲಿಂದ ಆವೃತ್ತಿ ಏರಿದಂತೆ ಸೂಕ್ಷ್ಮತೆ ಬೇಗನೆ ಕುಸಿಯುತ್ತದೆ. 1000 ಹರ್ಟ್ಸ್ ದಾಟಿದ ಮೇಲೆ ಚರ್ಮ ಹೆಚ್ಚುಕಡಿಮೆ ಏನನ್ನೂ ಅರಿಯುವುದಿಲ್ಲ. 50 ಹರ್ಟ್ಸ್‌ಗಿಂತ ಕೆಳಗಿನ ನಿಧಾನದ ಅದುರಾಟವನ್ನು ಮೈಸ್ನರ್ ಹೆಸರಿನ ಬೇರೆ ಅಂಗಗಳು ನೋಡಿಕೊಳ್ಳುತ್ತವೆ.

ಸೀನ್ ಏಕೆ ಬೆರಳಿಗೆ ಸಿಗಲಿಲ್ಲ ಎಂಬುದಕ್ಕೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. ಅದು ಹಲ್ಲಿನ ಸಂದಿಯಲ್ಲಿ ನುಗ್ಗುವ ಗಾಳಿಯ ಸದ್ದು. ಅದರ ಶಕ್ತಿ ಬಹುಪಾಲು 4000 ಹರ್ಟ್ಸ್‌ಗಿಂತ ಮೇಲೆಯೇ ಇರುತ್ತದೆ, ಗಂಟಲು ಅದಕ್ಕೆ ಅದುರುವುದೂ ಇಲ್ಲ. ಝಾಯ್‌ನಲ್ಲಿ ಆ ಗಾಳಿಯ ಜೊತೆಗೆ ಧ್ವನಿತಂತುಗಳೂ ಸೆಕೆಂಡಿಗೆ ನೂರು, ಇನ್ನೂರು ಬಾರಿ ಕಂಪಿಸುತ್ತವೆ. ಅದು ಚರ್ಮದ ಬಾಗಿಲಲ್ಲಿ ಹಿಡಿಯುವ ಅಳತೆ.

ಬಾಗಿಲು ಕಿರಿದಾಗಿರುವುದಷ್ಟೇ ಅಲ್ಲ, ಒಳಗೆ ಬಂದದ್ದನ್ನು ಬಿಡಿಸಿ ನೋಡುವುದರಲ್ಲೂ ಚರ್ಮ ಮಂದ. ಎರಡು ಸ್ವರಗಳ ಆವೃತ್ತಿಯಲ್ಲಿ ಶೇಕಡಾ ಒಂದರೊಳಗಿನ ವ್ಯತ್ಯಾಸವನ್ನೂ ಕಿವಿ ಹಿಡಿಯುತ್ತದೆ. ಚರ್ಮಕ್ಕೆ ಸುಮಾರು ಶೇಕಡಾ 20ರಷ್ಟಾದರೂ ವ್ಯತ್ಯಾಸ ಬೇಕು. ಹಾರ್ಮೋನಿಯಂನಲ್ಲಿ ಷಡ್ಜದಿಂದ ಶುದ್ಧ ರಿಷಭಕ್ಕೆ ಇರುವ ಏರಿಕೆ ಸುಮಾರು ಶೇಕಡಾ 12. ಅಂದರೆ ಬೆರಳಿಗೆ ಸ ಮತ್ತು ರಿ ಒಂದೇ. ಗಾಂಧಾರ ಬಂದಾಗ 'ಏನೋ ಬದಲಾದಂತಿದೆ' ಎನ್ನಬಹುದು, ಅಷ್ಟೆ. ರಾಗವನ್ನು ಚರ್ಮದ ಮೂಲಕ ದಾಟಿಸಲು ಹೊರಟವರು ಮೊದಲು ಎಡವುವುದು ಇಲ್ಲೇ.

ಆದರೆ ಕಾಲದ ವಿಚಾರದಲ್ಲಿ ಚರ್ಮ ಜಾಣ. ನೂರನೇ ಒಂದು ಸೆಕೆಂಡಿನ ಅಂತರದಲ್ಲಿ ಬಂದ ಎರಡು ಪೆಟ್ಟುಗಳನ್ನೂ ಅದು ಎರಡೆಂದೇ ಎಣಿಸಬಲ್ಲದು. ಪೆಟ್ಟು ಜೋರೇ, ಮೆಲ್ಲಗೇ, ಎಷ್ಟು ಹೊತ್ತು ಬಿಟ್ಟು ಬಂತು ಎಂಬುದೆಲ್ಲ ಅದಕ್ಕೆ ತಿಳಿಯುತ್ತದೆ. ಮದುವೆ ಮನೆಯಲ್ಲಿ ದಫ್ ಬಾರಿಸುವವರ ಹತ್ತಿರ ಕುಳಿತಾಗ ಎದೆಗೆ, ಅಂಗೈಗೆ ಬಡಿಯುವುದು ಹಾಡಿನ ರಾಗವಲ್ಲ, ದಫ್‌ನ ಲಯ.

ಫೋನಿನೊಳಗಿನ ಭಾರ

ಇನ್ನು ಯಂತ್ರಕ್ಕೆ ಬರೋಣ. ಕಡಿಮೆ ಬೆಲೆಯ ಫೋನುಗಳಲ್ಲಿ ಇರುವುದು ಒಂದು ಪುಟ್ಟ ಡಿ.ಸಿ. ಮೋಟಾರು. ಅದರ ಅಚ್ಚಿಗೆ ಅರ್ಧಚಂದ್ರಾಕಾರದ ಲೋಹದ ತುಂಡೊಂದನ್ನು ಒಂದು ಪಕ್ಕಕ್ಕೆ ವಾಲಿಸಿ ಸಿಕ್ಕಿಸಿರುತ್ತಾರೆ. ಅದು ತಿರುಗಿದಾಗ ಫೋನ್ ಅದುರುತ್ತದೆ. ವೃತ್ತೀಯ ಚಲನೆಯ ಪಾಠದ ಲೆಕ್ಕವನ್ನೇ ಹಾಕಿ: ಭಾರ ಅರ್ಧ ಗ್ರಾಂ, ಅದರ ಗುರುತ್ವ ಕೇಂದ್ರ ಅಚ್ಚಿನಿಂದ 1 ಮಿಲಿಮೀಟರ್ ದೂರ, ಸೆಕೆಂಡಿಗೆ 200 ಸುತ್ತು ಎಂದಿಟ್ಟುಕೊಳ್ಳಿ. ದ್ರವ್ಯರಾಶಿ, ತ್ರಿಜ್ಯ, ಕೋನೀಯ ವೇಗದ ವರ್ಗ ಈ ಮೂರನ್ನು ಗುಣಿಸಿದರೆ ಸುಮಾರು 0.8 ನ್ಯೂಟನ್ ಬಲ ಬರುತ್ತದೆ. ಅಂಗೈಗೆ ಚೆನ್ನಾಗಿಯೇ ತಿಳಿಯುವ ಬಲ.

ಈಗ ಕಂಪನವನ್ನು ಮೆಲ್ಲಗೆ ಮಾಡಬೇಕೆಂದು ವೋಲ್ಟೇಜ್ ಇಳಿಸಿದಿರಿ, ಸುತ್ತು 100ಕ್ಕೆ ಇಳಿಯಿತು. ಬಲ ನಾಲ್ಕನೇ ಒಂದು ಭಾಗವಾಯಿತು, ಸರಿ. ಆದರೆ ಆವೃತ್ತಿಯೂ 200ರಿಂದ 100ಕ್ಕೆ ಬಿತ್ತಲ್ಲ! ಈ ಮೋಟಾರಿನಲ್ಲಿ ತೀವ್ರತೆ ಮತ್ತು ಆವೃತ್ತಿ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಎತ್ತುಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲಾಗುವುದಿಲ್ಲ. ಮೇಲಾಗಿ ನಿಂತ ಮೋಟಾರು ವೇಗ ಪಡೆಯಲು ಹಲವು ಹತ್ತು ಮಿಲಿಸೆಕೆಂಡ್ ಬೇಕು. ದಫ್‌ನ ಚುರುಕು ಪೆಟ್ಟನ್ನು ಇದರಿಂದ ತೋರಿಸ ಹೋದರೆ ಪೆಟ್ಟು ಹೋಗಿ ಗುರ್‌ಗುರ್ ಉಳಿಯುತ್ತದೆ.

ಉತ್ತಮ ಫೋನುಗಳಲ್ಲಿ ತಿರುಗುವ ಭಾರದ ಬದಲು ಸ್ಪ್ರಿಂಗಿಗೆ ಕಟ್ಟಿದ, ಅತ್ತಿತ್ತ ಓಡಾಡುವ ಭಾರವಿದೆ. ಕಾಂತ ಮತ್ತು ಸುರುಳಿ ಅದನ್ನು ತಳ್ಳುತ್ತವೆ. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ ಹರಿದಾಗ ಬಲ ಹುಟ್ಟುತ್ತದೆ ಎಂದು ದ್ವಿತೀಯ ಪಿಯುಸಿಯಲ್ಲಿ ಓದಿದ್ದೀರಿ. ಎ.ಸಿ. ಕೊಟ್ಟರೆ ಬಲದ ದಿಕ್ಕು ಹಿಂದೆಮುಂದೆ ಬದಲಾಗುತ್ತದೆ, ಭಾರ ಓಲಾಡುತ್ತದೆ. ಅದಕ್ಕೆ ತನ್ನದೇ ಆದ ಸಹಜ ಆವೃತ್ತಿ ಇದೆ, ಸಾಮಾನ್ಯವಾಗಿ 150ರಿಂದ 235 ಹರ್ಟ್ಸ್ ಒಳಗೆ. ಒಂದೂವರೆ ಗ್ರಾಂ ಭಾರ 175 ಹರ್ಟ್ಸ್‌ನಲ್ಲಿ ಅನುರಣಿಸಬೇಕಾದರೆ ಸ್ಪ್ರಿಂಗ್ ಸ್ಥಿರಾಂಕ ಎಷ್ಟಿರಬೇಕು? ಪ್ರಥಮ ಪಿಯುಸಿಯವರು ಮಾಡಿ ನೋಡಿ. ಮೀಟರಿಗೆ 1800 ನ್ಯೂಟನ್‌ನ ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ.

ಉಯ್ಯಾಲೆಯನ್ನು ಅದರ ಓಲಾಟಕ್ಕೆ ತಕ್ಕ ಹೊತ್ತಿನಲ್ಲಿ ತಳ್ಳಿದರೆ ಸಣ್ಣ ಕೈಯೂ ಸಾಕು, ಹೊತ್ತು ತಪ್ಪಿಸಿ ತಳ್ಳಿದರೆ ಪೈಲ್ವಾನನ ಕೈಯೂ ಸಾಲದು. ಇಲ್ಲೂ ಹಾಗೆಯೇ. ಸಹಜ ಆವೃತ್ತಿಯಲ್ಲಿ ಸ್ವಲ್ಪವೇ ವಿದ್ಯುತ್ತಿನಿಂದ ಬಲವಾದ ಕಂಪನ ಸಿಗುತ್ತದೆ, ಅದನ್ನು ಬಿಟ್ಟು ದೂರ ಹೋದರೆ ಬಹುತೇಕ ಏನೂ ಸಿಗುವುದಿಲ್ಲ. ಲಾಭವೆಂದರೆ, ಆವೃತ್ತಿಯನ್ನು ಅಲ್ಲೇ ನಿಲ್ಲಿಸಿ ತೀವ್ರತೆಯನ್ನು ಮಾತ್ರ ಏರಿಸಬಹುದು, ಇಳಿಸಬಹುದು. 2016ರ ಐಫೋನ್ 7ರಲ್ಲಿ ಹೋಮ್ ಬಟನ್ ನಿಜಕ್ಕೂ ಒಳಗೆ ಹೋಗುತ್ತಿರಲಿಲ್ಲ. ಒತ್ತಿದಾಗ 'ಕ್ಲಿಕ್' ಎಂದಂತೆ ಅನಿಸುತ್ತಿದ್ದುದು ಈ ಬಗೆಯ ಭಾರದ ಒಂದು ಚುಟುಕು ಪೆಟ್ಟಿನಿಂದ. ಫೋನ್ ಆಫ್ ಆಗಿದ್ದರೆ ಆ ಬಟನ್ ಬರೀ ಗಾಜು.

ಸದ್ದಿನಿಂದ ಕಂಪನಕ್ಕೆ

ಹಾಗಾದರೆ ಹಾಡಿನ ಸಂಕೇತವನ್ನು ನೇರವಾಗಿ ಈ ಸುರುಳಿಗೇ ಕೊಟ್ಟುಬಿಡಬಾರದೇ? ಬಾರದು. ಹಾಡಿನಲ್ಲಿರುವ ನೂರಾರು ಆವೃತ್ತಿಗಳಲ್ಲಿ 175ರ ಹತ್ತಿರದ್ದಕ್ಕೆ ಮಾತ್ರ ಭಾರ ಓಗೊಡುತ್ತದೆ. ಉಳಿದದ್ದೆಲ್ಲ ಹೊತ್ತು ತಪ್ಪಿದ ತಳ್ಳುವಿಕೆ. ಆದ್ದರಿಂದ ಸದ್ದನ್ನು ಮೊದಲು ಬಿಡಿಸಬೇಕು, ಬೇಕಾದದ್ದನ್ನು ಆರಿಸಬೇಕು, ಆಮೇಲೆ ಚರ್ಮದ ಭಾಷೆಯಲ್ಲಿ ಮತ್ತೆ ಕಟ್ಟಬೇಕು.

ಫೋನಿನಲ್ಲಿ ಸದ್ದು ಇರುವುದು ಸಂಖ್ಯೆಗಳ ಸಾಲಾಗಿ, ಸೆಕೆಂಡಿಗೆ 48,000 ಸಂಖ್ಯೆ. ನೂರನೇ ಒಂದು ಸೆಕೆಂಡಿನ ತುಂಡು ಎತ್ತಿಕೊಂಡರೆ ಅದರಲ್ಲಿ 480 ಸಂಖ್ಯೆಗಳು. ಈ ತುಂಡಿನಲ್ಲಿ ಸದ್ದು ಎಷ್ಟು ಜೋರು ಎಂದು ತಿಳಿಯಲು ಸರಾಸರಿ ತೆಗೆದಿರಿ ಎನ್ನಿ, ಉತ್ತರ ಸೊನ್ನೆಯ ಹತ್ತಿರ ಬಂದು ಕೂರುತ್ತದೆ. ಏಕೆಂದರೆ ಅಲೆ ಮೇಲಕ್ಕೆ ಹೋದಷ್ಟೇ ಕೆಳಕ್ಕೂ ಹೋಗುತ್ತದೆ. ಎ.ಸಿ. ಪಾಠದಲ್ಲಿ ಒಂದು ಪೂರ್ಣ ಆವರ್ತದ ಸರಾಸರಿ ಸೊನ್ನೆ ಎಂದು ಕಲಿತಿದ್ದೀರಿ, ಅದೇ ಇದು. ಪರಿಹಾರವೂ ಅಲ್ಲೇ ಇದೆ. ಋಣ ಸಂಖ್ಯೆಗಳನ್ನೆಲ್ಲ ಧನ ಮಾಡಿಬಿಡಿ, ಅಂದರೆ ರೆಕ್ಟಿಫೈ ಮಾಡಿ. ಬಳಿಕ ಫಿಲ್ಟರ್ ಕೆಪಾಸಿಟರ್ ಮಾಡುವಂತೆ ಏರಿಳಿತವನ್ನು ನಯಗೊಳಿಸಿ. ಉಳಿಯುವುದು ಅಲೆಯ ಶಿಖರಗಳನ್ನು ಮುಟ್ಟಿಸಿ ಎಳೆದಂಥ ಒಂದು ಮೆಲುವಾದ ಗೆರೆ. ಇದಕ್ಕೆ ಎನ್ವಲಪ್ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಡಯೋಡ್, ಕೆಪಾಸಿಟರ್ ಇಟ್ಟು ಮಾಡುವುದನ್ನೇ ಫೋನ್ ಕೂಡುವ ಕಳೆಯುವ ಲೆಕ್ಕದಲ್ಲಿ ಮಾಡುತ್ತದೆ.

ಆಮೇಲೆ ಈ ಗೆರೆಯನ್ನು 175 ಹರ್ಟ್ಸ್‌ನ ಅಲೆಯಿಂದ ಗುಣಿಸಿದರೆ ಮುಗಿಯಿತು. ಸದ್ದು ಜೋರಾದಾಗ ಕಂಪನ ಜೋರು, ಇಳಿದಾಗ ಮೆಲ್ಲಗೆ. ಹಳೆಯ ಪಠ್ಯದಲ್ಲಿ ಸಂವಹನ ವ್ಯವಸ್ಥೆಗಳ ಅಧ್ಯಾಯ ಓದಿದ ನಿಮ್ಮ ಅಣ್ಣ ಅಕ್ಕಂದಿರು ಇದನ್ನು ಕೂಡಲೇ ಗುರುತಿಸುತ್ತಾರೆ: ಎ.ಎಂ. ರೇಡಿಯೊ ಮಾಡುವ ಕೆಲಸ ಇದೇ, ಸಾಗಿಸುವ ಅಲೆ ಮಾತ್ರ ಬೇರೆ.

ಇಷ್ಟಕ್ಕೇ ನಿಲ್ಲಿಸಿದರೆ ಆಗುವ ತೊಂದರೆ ಗೊತ್ತೇ? ಈಗಿನ ಬಹಳಷ್ಟು ಹಾಡುಗಳು ಆರಂಭದಿಂದ ಕೊನೆಯವರೆಗೆ ಜೋರಾಗಿಯೇ ಇರುತ್ತವೆ. ಅವುಗಳ ಎನ್ವಲಪ್ ಬಹುತೇಕ ಸಪಾಟು. ಫೋನ್ ನಾಲ್ಕು ನಿಮಿಷ ಒಂದೇ ಸಮ ಗುಂಯ್‌ಗುಡುತ್ತದೆ. ಚರ್ಮಕ್ಕೆ ಇನ್ನೊಂದು ಗುಣವಿದೆ: ಎಡೆಬಿಡದ ಕಂಪನಕ್ಕೆ ಅದು ಒಗ್ಗಿಹೋಗಿ, ಕೆಲ ಹೊತ್ತಿನಲ್ಲಿ ಮಂದವಾಗುತ್ತದೆ. ಹಾಗಾಗಿ ಒಳ್ಳೆಯ ವಿನ್ಯಾಸಕಾರರು ಸದ್ದಿನ ಮೊತ್ತವನ್ನು ನೋಡುವುದಿಲ್ಲ, ಬದಲಾವಣೆಯನ್ನು ನೋಡುತ್ತಾರೆ. ಈ ತುಂಡು ಹಿಂದಿನ ತುಂಡಿಗಿಂತ ಥಟ್ಟನೆ ಜೋರಾಯಿತೇ? ಹಾಗಿದ್ದರೆ ಅಲ್ಲೊಂದು ಪೆಟ್ಟು. ಇಲ್ಲದಿದ್ದರೆ ಸುಮ್ಮನಿರು. ಆ್ಯಪಲ್ 2019ರಲ್ಲಿ ಕೊಟ್ಟ ಕೋರ್ ಹ್ಯಾಪ್ಟಿಕ್ಸ್‌ನಲ್ಲಿ ಕಂಪನಗಳು ಎರಡೇ ಮೂಲ ಬಗೆ: ಕ್ಷಣದ ಪೆಟ್ಟು ಮತ್ತು ಎಳೆದ ಕಂಪನ. ಪ್ರತಿಯೊಂದಕ್ಕೂ ಎಷ್ಟು ಜೋರು, ಎಷ್ಟು ಮೊನಚು ಎಂದು ಹೇಳಬಹುದು. ಇಷ್ಟೇ ಅಕ್ಷರಮಾಲೆ. ನನ್ನ ಮಟ್ಟಿಗೆ ಆ ವಿನ್ಯಾಸದ ಜಾಣತನ ಇರುವುದು ಈ ಬಡತನದಲ್ಲೇ. ಚರ್ಮಕ್ಕೆ ಅರ್ಥವಾಗುವಷ್ಟನ್ನೇ ಅದು ಇಟ್ಟುಕೊಂಡಿದೆ.

ಹೊತ್ತಿನ ಪ್ರಶ್ನೆಯೂ ಇದೆ. ಭಾರ ಓಲಾಡಲು ತೊಡಗುವುದಕ್ಕೆ ತುಸು ಸಮಯ ಬೇಕು, ನಿಲ್ಲುವುದಕ್ಕೂ ಬೇಕು. ಅದಕ್ಕೆಂದೇ ಆರಂಭದಲ್ಲಿ ಹೆಚ್ಚು ವೋಲ್ಟೇಜ್ ಕೊಟ್ಟು ತಳ್ಳುತ್ತಾರೆ, ಕೊನೆಯಲ್ಲಿ ಉಲ್ಟಾ ತಳ್ಳಿ ಬ್ರೇಕ್ ಹಾಕುತ್ತಾರೆ. ಧ್ವನಿಮುದ್ರಿತ ಹಾಡಾದರೆ ಮುಂದೇನು ಬರುತ್ತದೆಂದು ಮೊದಲೇ ಓದಿಕೊಂಡು ಭಾರವನ್ನು ಕೊಂಚ ಮುಂಚೆ ಹೊರಡಿಸಬಹುದು. ಎದುರಿಗೆ ಯಾರೋ ಬಾಗಿಲು ಬಡಿಯುವ ಸದ್ದಿಗೆ ಆ ಅನುಕೂಲವಿಲ್ಲ.

ಏನು ಉಳಿಯಿತು, ಏನು ಹೋಯಿತು

ಸೀನ್ ಮತ್ತು ಝಾಯ್‌ಗೆ ಈಗ ಏನಾಯಿತು ನೋಡಿ. ಗಂಟಲ ಮೇಲಿಟ್ಟ ಬೆರಳಿಗೆ ಸೀನ್ ಇರಲೇ ಇಲ್ಲ. ಫೋನ್ ಅದರ ಎನ್ವಲಪ್ ತೆಗೆದು 175 ಹರ್ಟ್ಸ್‌ಗೆ ಹೊದಿಸಿದ್ದರಿಂದ ಬೆರಳಿಗೆ ಬಂತು. ಆದರೆ ಝಾಯ್ ಕೂಡ ಅದೇ 175ರ ಅಂಗಿ ತೊಟ್ಟು ಬಂತು. ಒಂದನ್ನು ಉಳಿಸಿಕೊಂಡೆವು, ಎರಡರ ನಡುವಿನ ಗುರುತು ಕಳೆದುಕೊಂಡೆವು. 'ಸಾಲು', 'ಹಾಲು', 'ಕಾಲು', 'ಬಾಲ' ಎಂಬ ನಾಲ್ಕು ಮಾತುಗಳನ್ನು ಹೀಗೆ ದಾಟಿಸಿದರೆ ಬೆರಳಿಗೆ ಸಿಗುವುದು ನಾಲ್ಕು ಬಾರಿಯೂ ಒಂದು ದೀರ್ಘ, ಒಂದು ಹ್ರಸ್ವ. ಬೇರೆ ಬೇರೆ ಆವೃತ್ತಿ ಪಟ್ಟಿಗಳಿಗೆ ಬೇರೆ ಬೇರೆ ಮೋಟಾರು ಇಟ್ಟು ಮೈಯ ಬೇರೆ ಬೇರೆ ಕಡೆ ಕಟ್ಟಿದರೆ ಹೆಚ್ಚು ಸುದ್ದಿ ದಾಟುತ್ತದೆ, ನಿಜ. ಅಂಗೈಯಲ್ಲಿ ಹಿಡಿದ ಒಂದು ಫೋನಿಗೆ ಇರುವುದು ಒಂದೇ ಭಾರ.

ಮಾತನ್ನು ಚರ್ಮದ ಮೂಲಕ ಕಳಿಸುವ ಯತ್ನ ಫೋನಿಗಿಂತ ಬಹಳ ಹಳೆಯದು. 1920ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಗಾಲ್ಟ್ ಮಾತನ್ನು ಕಂಪನವಾಗಿಸಿ ಕಿವಿ ಕೇಳದವರ ಬೆರಳಿಗೆ ಮುಟ್ಟಿಸುವ ಟೆಲಿಟ್ಯಾಕ್ಟರ್ ಎಂಬ ಸಾಧನದೊಂದಿಗೆ ಪ್ರಯೋಗ ನಡೆಸಿದರು. ತುಟಿಯ ಚಲನೆ ನೋಡಿ ಮಾತು ಗ್ರಹಿಸುವವರಿಗೆ ಅದು ನೆರವಾಯಿತೇ ಹೊರತು ಕಿವಿಯ ಜಾಗವನ್ನು ತುಂಬಲಿಲ್ಲ. ಅದೇ ಕಾಲದಲ್ಲಿ, 1924ರಲ್ಲಿ, ಕಣ್ಣು ಕಿವಿ ಎರಡೂ ಇಲ್ಲದ ಹೆಲೆನ್ ಕೆಲರ್ ರೇಡಿಯೊದ ಧ್ವನಿಪರದೆಯ ಮೇಲೆ ಕೈಯಿಟ್ಟು ಬೀಥೋವನ್‌ನ ಒಂಬತ್ತನೇ ಸಿಂಫನಿಯನ್ನು ಅನುಭವಿಸಿ, ಅದರ ಬಗ್ಗೆ ವಾದ್ಯವೃಂದಕ್ಕೆ ಪತ್ರ ಬರೆದರು. ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿಯವರ ಶ್ರವಣಶಕ್ತಿ 12ನೇ ವಯಸ್ಸಿನ ಹೊತ್ತಿಗೆ ಬಹುಪಾಲು ಹೋಗಿತ್ತು. ಅವರು ವೇದಿಕೆಯ ಮೇಲೆ ಬರಿಗಾಲಲ್ಲಿ ನಿಂತು, ನೆಲದ ಕಂಪನವನ್ನು ಅಂಗಾಲಿನಿಂದ ತಿಳಿಯುತ್ತಾ ನುಡಿಸುತ್ತಾರೆ. ಒಂದೇ ಚರ್ಮ, ಗಾಲ್ಟ್ ಅವರ ಸಾಧನಕ್ಕೆ ಸಾಲದೆ ಹೋದದ್ದು ಈ ಇಬ್ಬರಿಗೆ ಸಾಕಾಯಿತು. ಏಕೆಂದರೆ ಸಂಗೀತದಲ್ಲಿ ಲಯಕ್ಕೂ ಏರಿಳಿತಕ್ಕೂ ಸ್ವಂತ ಬೆಲೆಯಿದೆ. ಮಾತಿನಲ್ಲಿ ಸ ಹೋಗಿ ಝ ಬಂದರೆ ಅರ್ಥವೇ ಹೋಯಿತು.

ಸದ್ದು ಯಾವುದಕ್ಕಾಗಿ?

ಆದ್ದರಿಂದ 'ಈ ಸದ್ದನ್ನು ಕಂಪನವಾಗಿಸುವುದು ಹೇಗೆ' ಎನ್ನುವುದಕ್ಕಿಂತ 'ಈ ಸದ್ದು ಕೇಳುವವರಿಗೆ ಏನನ್ನು ಹೇಳುತ್ತಿತ್ತು' ಎಂದು ಮೊದಲು ಕೇಳಬೇಕು. ಕುಕ್ಕರ್ ಸೀಟಿಯ ಶ್ರುತಿ ಯಾರಿಗೂ ಬೇಡ, ಎಷ್ಟನೇ ಸೀಟಿ ಎಂಬುದು ಬೇಕು. 2020ರಿಂದ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಇರುವ ಸೌಲಭ್ಯವೊಂದು ಈ ದಾರಿ ಹಿಡಿದಿದೆ. ಮಗುವಿನ ಅಳು, ಬಾಗಿಲ ಬೆಲ್, ಹೊಗೆಯ ಅಲಾರಂ ಇವನ್ನು ಫೋನ್ ಆಲಿಸಿ ಗುರುತಿಸುತ್ತದೆ, ಪರದೆಯ ಮೇಲೆ ಇಂಥದ್ದೆಂದು ಬರೆಯುತ್ತದೆ, ಜೊತೆಗೆ ಕಂಪಿಸುತ್ತದೆ. ಅಳುವಿನ ಅಲೆ ಬೆರಳಿಗೆ ಬರುವುದಿಲ್ಲ, 'ಮಗು ಅಳುತ್ತಿದೆ' ಎಂಬ ಸುದ್ದಿ ಬರುತ್ತದೆ.

ಅಝಾನನ್ನು ತೆಗೆದುಕೊಳ್ಳಿ. ಅದರಲ್ಲಿ ತಾಳವಿಲ್ಲ, ಎಳೆದೆಳೆದು ಸಾಗುವ ಒಂಟಿ ಕಂಠ. ಪೆಟ್ಟು ಹುಡುಕುವ ಲೆಕ್ಕಕ್ಕೆ ಅದರಲ್ಲಿ ಏನೂ ಸಿಗುವುದಿಲ್ಲ. ಎನ್ವಲಪ್ ತೆಗೆದರೆ ಉದ್ದದ ಏರಿಳಿತ ಸಿಗುತ್ತದೆ, ಅದನ್ನು ಸೈರನ್‌ನಿಂದ ಬೇರೆ ಮಾಡಿ ಹೇಳುವುದು ಬೆರಳಿಗೆ ಕಷ್ಟ. ಅದರ ಸೊಬಗನ್ನು ಒಂದು ಮೋಟಾರು ದಾಟಿಸೀತೆಂದು ನಂಬಿಸುವುದು ಪ್ರಾಮಾಣಿಕತೆಯಲ್ಲ. ಆದರೆ 'ಅಸರ್‌ನ ಹೊತ್ತಾಯಿತು' ಎಂಬ ಸುದ್ದಿಯನ್ನು ಮೂರು ಚುಟುಕು ಪೆಟ್ಟು, ಒಂದು ಎಳೆತದಲ್ಲಿ ಕೊಡಬಹುದು. ಬೇರೆ ಯಾವ ಸೂಚನೆಗೂ ಅದೇ ಲಯ ಇಡಬಾರದು, ಅಷ್ಟೆ.

ರಮಝಾನಿನಲ್ಲಿ ಸಹರಿಗೆ ಏಳಿಸುವುದು ಇನ್ನೂ ಗಟ್ಟಿ ಪರೀಕ್ಷೆ. ಕಿವಿ ಕೇಳದ ಗೆಳೆಯನೋ ಗೆಳತಿಯೋ ಹಾಸ್ಟೆಲಿನಲ್ಲಿದ್ದರೆ ದಿಂಬಿನ ಕೆಳಗೆ ಫೋನ್ ಇಟ್ಟು ಮಲಗುತ್ತಾರೆ. ಹತ್ತಿಯೂ ಫೋಮೂ ಕಂಪನವನ್ನು ನುಂಗುತ್ತವೆ, ಒಂದೂವರೆ ಗ್ರಾಂ ಭಾರ ಗಾಢ ನಿದ್ದೆಯವರನ್ನು ಎಬ್ಬಿಸಲಾರದು. ಮಂಚದ ಚೌಕಟ್ಟಿಗೋ ಹಾಸಿಗೆಯ ಕೆಳಕ್ಕೋ ಇಡುವ, ದೊಡ್ಡ ಮೋಟಾರಿನ ಪ್ರತ್ಯೇಕ ಅಲಾರಂಗಳು ಬರುತ್ತವೆ. ಅವು ವಾಸಿ. ಯಾವುದೂ ಇಲ್ಲದಿದ್ದರೆ ಪಕ್ಕದ ಮಂಚದವರು ಭುಜ ಅಲುಗಿಸಿ ಎಬ್ಬಿಸುವುದು ಈಗಲೂ ಎಲ್ಲಕ್ಕಿಂತ ನಂಬಿಕಸ್ತ ಸಾಧನ.

ಈ ವಿಷಯದಲ್ಲಿ ಮುಂದೆ ಓದಬೇಕೆನ್ನುವವರಿಗೆ ಎಂಜಿನಿಯರಿಂಗ್ ಒಂದೇ ದಾರಿಯಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ ಕೋರ್ಸ್ ಇದೆ. ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದವರು ಅದಕ್ಕೆ ಪ್ರಯತ್ನಿಸಬಹುದು.

ಮಾಡಿ ನೋಡಲು ಎರಡು ಕೆಲಸ ಕೊಡುತ್ತೇನೆ. ಮೊದಲನೆಯದಕ್ಕೆ ಒಂದು ಬಲೂನು, ಒಂದು ಸ್ಪೀಕರ್, ಬೇಕಾದ ಆವೃತ್ತಿಯ ಸ್ವರ ಹೊರಡಿಸುವ ಯಾವುದಾದರೂ ಉಚಿತ ಆ್ಯಪ್ ಬೇಕು. ಊದಿದ ಬಲೂನನ್ನು ಎರಡೂ ಅಂಗೈಯಲ್ಲಿ ಸ್ಪೀಕರಿನ ಮುಂದೆ ಹಿಡಿಯಿರಿ. 50 ಹರ್ಟ್ಸ್‌ನಿಂದ 50ರಂತೆ ಏರಿಸುತ್ತಾ 1200ರವರೆಗೆ ಹೋಗಿ, ಕಂಪನ ಎಲ್ಲಿ ಅತಿ ಹೆಚ್ಚು ತಿಳಿಯಿತು, ಎಲ್ಲಿ ಮರೆಯಾಯಿತು ಎಂದು ಬರೆದುಕೊಳ್ಳಿ. ಸ್ಪೀಕರ್ ಮತ್ತು ಬಲೂನಿಗೂ ತಮ್ಮ ತಮ್ಮ ಅನುರಣನೆ ಇರುವುದರಿಂದ ಬೇರೆ ಗಾತ್ರದ ಬಲೂನಿನಲ್ಲಿ ಮತ್ತೊಮ್ಮೆ ಮಾಡಿ ಹೋಲಿಸಿ. ಎರಡನೆಯದಕ್ಕೆ ಯಾವ ಸಾಧನವೂ ಬೇಡ. ಊಟ, ಬೆಂಕಿ, ಕರೆ ಬಂದಿದೆ, ನಮಾಝಿನ ಹೊತ್ತು ಎಂಬ ನಾಲ್ಕು ಸುದ್ದಿಗೆ ನಾಲ್ಕು ಲಯಗಳನ್ನು ಯೋಚಿಸಿ. ಗೆಳೆಯರಿಗೆ ಕಿವಿ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಅವರ ಅಂಗೈ ಮೇಲೆ ಬೆರಳಿನಿಂದ ತಟ್ಟಿ ಇಪ್ಪತ್ತು ಬಾರಿ ಪರೀಕ್ಷಿಸಿ. ಬೆಂಕಿಯನ್ನು ಬೇರೆ ಯಾವುದೋ ಎಂದು ಎಷ್ಟು ಸಲ ತಪ್ಪಾಗಿ ತಿಳಿದರು ಎಂಬುದನ್ನು ಪ್ರತ್ಯೇಕವಾಗಿ ಬರೆದಿಡಿ, ಮುಂದಿನ ಪ್ರಯೋಗ ತರಗತಿಗೆ ಆ ಹಾಳೆಯನ್ನು ತನ್ನಿ.